ಸ್ಕ್ಯಾನ್ ತಾನಾಗಿ ಮಾತಾಡುವುದಿಲ್ಲ, ಚೀಟಿ ಮಾತಾಡಿಸಬೇಕು



ಈ ಕೆಲಸವನ್ನು ನಮ್ಮಲ್ಲಿ ಮಾಡದವರು ಯಾರೂ ಇರಲಿಕ್ಕಿಲ್ಲ. ಊರಿನಿಂದ ಫೋನ್ ಬರುತ್ತದೆ. ಅಪ್ಪನಿಗೋ ಅಮ್ಮನಿಗೋ ಸ್ಕ್ಯಾನ್ ಮಾಡಿಸಿದ್ದಾರೆ. ರಿಪೋರ್ಟಿನ ಫೋಟೋ ವಾಟ್ಸಾಪ್‌ನಲ್ಲಿ ಬರುತ್ತದೆ, ಫಿಲಂ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ತೆಗೆದ ಇನ್ನೊಂದು ಫೋಟೋ ಕೂಡ ಬರುತ್ತದೆ. ನಾವು ಅದನ್ನು ಇಲ್ಲಿ ಗುರುತಿನ ಡಾಕ್ಟರೊಬ್ಬರಿಗೆ ಕಳಿಸಿ, "ಬಿಡುವಾದಾಗ ಸ್ವಲ್ಪ ನೋಡಿ ಹೇಳಿ ಸಾರ್" ಎಂದು ಒಂದು ಸಾಲು ಬರೆದು, ಮಗನ ಕರ್ತವ್ಯ ಮುಗಿಯಿತು ಎಂದು ಆಫೀಸಿನ ಮೀಟಿಂಗಿಗೆ ಹೋಗಿ ಕೂರುತ್ತೇವೆ.

ನಾನೂ ಹಾಗೇ ಮಾಡಿದೆ. ನನ್ನ ವಿಷಯದಲ್ಲಿ ಅದಕ್ಕೆ ಕ್ಷಮೆ ಕಡಿಮೆ, ಯಾಕೆಂದರೆ ಆಸ್ಪತ್ರೆಗಳಲ್ಲಿ ಸ್ಕ್ಯಾನ್ ಚಿತ್ರಗಳನ್ನು ಮೆಷಿನ್‌ನಿಂದ ಡಾಕ್ಟರ ಪರದೆಗೆ ಸಾಗಿಸುವ ಸಾಫ್ಟ್‌ವೇರ್ ಬರೆಯುವುದೇ ನನ್ನ ಹೊಟ್ಟೆಪಾಡು. ಒಂಬತ್ತು ವರ್ಷದಿಂದ ನ್ಯೂಜೆರ್ಸಿಯಲ್ಲಿ ಕೂತು ಇದೇ ಕೆಲಸ. ಚಿತ್ರ ಒಂದು ಪಿಕ್ಸೆಲ್ ಕೂಡ ಕೆಡದೆ ತಲುಪಬೇಕು ಎಂದು ರಾತ್ರಿಯೆಲ್ಲ ಎದ್ದು ಕೂತಿದ್ದೇನೆ. ಆ ಚಿತ್ರದ ಜೊತೆ ಹೋಗುವ ಒಂದು ಸಾಲಿನ ಮಾತಿಗೆ ಎಷ್ಟು ಬೆಲೆ ಎಂದು ಗೊತ್ತಾದದ್ದು ಮಾತ್ರ ಅಮ್ಮ ಬಿದ್ದ ಮೇಲೆ.

2022ರ ಮಳೆಗಾಲ. ಅಮ್ಮನಿಗೆ ಆಗ 71. ಬಚ್ಚಲಲ್ಲಿ ಕಾಲು ಜಾರಿತು. ಗೋಡೆ ಹಿಡಿದು ಎದ್ದರು, ನಡೆದರು, ಅಡುಗೆಯನ್ನೂ ಮಾಡಿದರು. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೇ ದಿನ "ಸೊಂಟ ನೋವು" ಎಂದರು. ಊರಿನ ಡಾಕ್ಟರು ಮಾತ್ರೆ ಕೊಟ್ಟರು. ಹತ್ತು ಹನ್ನೆರಡು ದಿನವಾದರೂ ಕಡಿಮೆಯಾಗದೆ ಅಕ್ಕ ಅವರನ್ನು ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬಿದ್ದದ್ದನ್ನೂ ಹೇಳಿದಳಂತೆ. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಕಿರಿಯ ಡಾಕ್ಟರೊಬ್ಬರು ಎಂಆರ್‌ಐ ಚೀಟಿ ಬರೆದುಕೊಟ್ಟರು. ಅದರ ಮೇಲೆ ಇದ್ದದ್ದು ಎರಡೇ ಗುರುತು: "ಎಲ್‌ಬಿಎ. ಪಿಐವಿಡಿ?" ಮೊದಲನೆಯದು ಲೋ ಬ್ಯಾಕ್ ಏಕ್, ಬೆನ್ನಿನ ಕೆಳಭಾಗದ ನೋವು. ಎರಡನೆಯದು, ಬೆನ್ನುಮೂಳೆಯ ಡಿಸ್ಕ್ ಜಾರಿದೆಯೇ ನೋಡಿ ಎಂಬ ಪ್ರಶ್ನೆ. ಬಚ್ಚಲು ಚೀಟಿಗೆ ಇಳಿಯಲೇ ಇಲ್ಲ.

ಈಗ ನಮ್ಮ "ಸೊಂಟ" ಎಂಬ ಮಾತನ್ನು ಸ್ವಲ್ಪ ಯೋಚನೆ ಮಾಡಿ. ಸೀರೆಯ ನೆರಿಗೆ ಸಿಕ್ಕಿಸುವುದೂ ಸೊಂಟಕ್ಕೆ, ಕೊಡ ಇಟ್ಟುಕೊಳ್ಳುವುದೂ ಸೊಂಟದಲ್ಲಿ. ಬಗ್ಗಿ ಕಳೆ ಕಿತ್ತರೆ ಹಿಡಿದುಕೊಳ್ಳುವುದೂ ಸೊಂಟ, ಮುದುಕರು ಬಿದ್ದು ಮುರಿದುಕೊಳ್ಳುವುದೂ ಸೊಂಟವೇ! ಬೆನ್ನಿನ ಬುಡ, ಪಕ್ಕದ ಎಲುಬು, ತೊಡೆ ಕೂಡುವ ಕೀಲು ಎಲ್ಲಕ್ಕೂ ಒಂದೇ ಹೆಸರು. ಮಾತಾಡುವಾಗ ಇದರಿಂದ ತೊಂದರೆಯಿಲ್ಲ, ಕೈ ತೋರಿಸಿ ಹೇಳುತ್ತೇವೆ. ಚೀಟಿಗೆ ಕೈ ಇಲ್ಲ. ಅಮ್ಮನ ಸೊಂಟ ಇಂಗ್ಲಿಷಿಗೆ ಹೋಗುವಾಗ ಬೆನ್ನಾಗಿ ಹೋಯಿತು.

ರಿಪೋರ್ಟ್ ಬಂತು. ಎಲ್4-ಎಲ್5 ಮತ್ತು ಎಲ್5-ಎಸ್1 ಡಿಸ್ಕ್‌ಗಳು ಉಬ್ಬಿವೆ, ನರದ ಬೇರಿಗೆ ತಾಗಿವೆ ಎಂದು. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ. ಬೆನ್ನಿನ ಆಪರೇಷನ್ ಮಾತು ಶುರುವಾಯಿತು. ದುಡ್ಡಿನ ಲೆಕ್ಕವನ್ನೂ ಹಾಕಿದೆವು. ಆಗ ನಾನು ಸಿಡಿಯಲ್ಲಿದ್ದ ಪೂರ್ತಿ ಚಿತ್ರಗಳನ್ನು ತರಿಸಿಕೊಂಡು ನಮ್ಮ ಕನ್ನಡ ಕೂಟದ ಹಿರಿಯರೊಬ್ಬರಿಗೆ ಕಳಿಸಿದೆ. ಅವರು ಮೂವತ್ತು ವರ್ಷ ರೇಡಿಯಾಲಜಿಸ್ಟ್ ಆಗಿದ್ದವರು. ಮಾರನೇ ದಿನ ಉತ್ತರ ಬಂತು: ವಯಸ್ಸಿಗೆ ತಕ್ಕ ಸವೆತ, ಆಪರೇಷನ್ ಮಾಡುವಂಥದ್ದು ಏನೂ ಕಾಣಲಿಲ್ಲ. ನನಗೆ ಸಮಾಧಾನವಾಯಿತು. ಅವರಿಗೆ ಆಗಲಿಲ್ಲ. ಸಂಜೆ ಫೋನ್ ಮಾಡಿದರು.

"ಅಲ್ಲಪ್ಪಾ, ನಿಮ್ಮಮ್ಮನಿಗೆ ನೋವು ಎಲ್ಲಿ?"

"ಸೊಂಟ ಸಾರ್."

"ಸೊಂಟ ಅಂದ್ರೆ ಎಲ್ಲಿ? ಬೆರಳಿಟ್ಟು ತೋರಿಸೋಕೆ ಹೇಳು. ಹೆಂಗೆ ಶುರುವಾಯ್ತು ಅಂತಾನೂ ಕೇಳು."

ಊರಿನಲ್ಲಿ ಬೆಳಗಾಗುವುದನ್ನು ಕಾದು ವಿಡಿಯೋ ಕಾಲ್ ಮಾಡಿದೆ. ಅಮ್ಮ ಬೆರಳಿಟ್ಟದ್ದು ಬೆನ್ನಿನ ಮೇಲಲ್ಲ. ಎಡಗಡೆಯ ತೊಡೆಸಂದಿನ ಮೇಲೆ. "ಇಲ್ಲಿ ಕಣಪ್ಪ. ಕೂತ್ರೆ ಏನಿಲ್ಲ. ಕಾಲು ಊರಿದ್ರೆ ಜೀವ ಹೋದಂಗಾಗುತ್ತೆ." ಒಂದು ತಿಂಗಳಿನಿಂದ ದಿನಾ ಮಾತಾಡುತ್ತಿದ್ದೆ. ಒಮ್ಮೆಯೂ ಬೆರಳಿಡು ಎಂದು ನಾನು ಹೇಳಿರಲಿಲ್ಲ.

ಅದನ್ನು ಹಾಗೇ ಅವರಿಗೆ ತಿಳಿಸಿದೆ. ಹತ್ತು ನಿಮಿಷಕ್ಕೆ ಅವರೇ ಮತ್ತೆ ಫೋನ್ ಮಾಡಿದರು. ಬೆನ್ನಿನ ಎಂಆರ್‌ಐನಲ್ಲಿ ದೇಹವನ್ನು ಎದುರಿನಿಂದ ನೋಡುವ ಒಂದು ಸರಣಿ ಇತ್ತು, ಅದರ ಕೆಳಗಿನ ಮೂಲೆಯಲ್ಲಿ ತೊಡೆ ಎಲುಬಿನ ತಲೆ ಕತ್ತು ಸ್ವಲ್ಪ ಸೇರಿಕೊಂಡಿತ್ತು. ಎಡಗಡೆಯ ಕತ್ತಿನಲ್ಲಿ ಮಸುಕಾದ ಒಂದು ಬಿಳಿ ಪಟ್ಟಿ. ಪೆಟ್ಟಾದ ಎಲುಬಿನಲ್ಲಿ ನೀರು ತುಂಬಿದ ಗುರುತು. "ನಿನ್ನೆ ಇದೇ ಚಿತ್ರ ನಾನು ನೋಡಿದ್ದೆ ಕಣಯ್ಯ. ಕಣ್ಣಿಗೆ ಬೀಳಲಿಲ್ಲ. ತಕ್ಷಣ ನಡೆಯೋದು ನಿಲ್ಲಿಸಿ, ಕೀಲಿನದೇ ಸ್ಕ್ಯಾನ್ ಮಾಡಿಸಿ" ಎಂದರು.

ಮಾಡಿಸಿದೆವು. ತೊಡೆ ಎಲುಬಿನ ಕತ್ತಿನಲ್ಲಿ ಬಿರುಕು. ಬಿದ್ದು ಐದು ವಾರವಾಗಿತ್ತು, ಆ ಐದು ವಾರವೂ ಅಮ್ಮ ಅದೇ ಕಾಲ ಮೇಲೆ ನಡೆದಿದ್ದರು. ಎಲುಬು ಸರಿದಿರಲಿಲ್ಲ, ಅದು ನಮ್ಮ ಪುಣ್ಯ. ಮೂರು ಸ್ಕ್ರೂ ಹಾಕಿದರು. ಈಗ ಕೋಲು ಹಿಡಿದು ತೋಟದ ತನಕ ಹೋಗಿ ಬರುತ್ತಾರೆ.

ನನಗೆ ಮೊದಲು ಬಂದದ್ದು ಸಿಟ್ಟು. ಆ ಸ್ಕ್ಯಾನ್ ಸೆಂಟರಿನ ಬಗ್ಗೆ ಉದ್ದಕ್ಕೆ ಬರೆಯಲು ಕೂತಿದ್ದೆ. ಹಿರಿಯರು ತಡೆದರು. "ಅವನಿಗೆ ಡಿಸ್ಕ್ ನೋಡು ಅಂದ್ರು, ಡಿಸ್ಕ್ ನೋಡಿದ. ಏನೂ ಹೇಳದೆ ನೀನು ನನಗೆ ಕಳಿಸಿದೆ, ನಾನೂ ಡಿಸ್ಕೇ ನೋಡಿದೆ" ಎಂದರು. ಆಮೇಲೆ ಈ ವಿಷಯದ ಮೇಲೆ ಏನೇನು ಅಧ್ಯಯನ ಆಗಿದೆ ಎಂದು ಹುಡುಕಿ ಓದತೊಡಗಿದೆ. ಇಂಜಿನಿಯರ್ ಬುದ್ಧಿ, ಏನಾದರೂ ಕೆಟ್ಟರೆ ಲಾಗ್ ಫೈಲ್ ತೆಗೆಯುವುದು.

ನನ್ನನ್ನು ತುಂಬ ದಿನ ಕಾಡಿದ್ದು ಬಾಸ್ಟನ್ನಿನ ಒಂದು ಪ್ರಯೋಗ. 2013ರಲ್ಲಿ ಟ್ರಾಫ್ಟನ್ ಡ್ರೂ, ಮೆಲಿಸ್ಸಾ ವೋ, ಜೆರೆಮಿ ವುಲ್ಫ್ ಎಂಬ ಸಂಶೋಧಕರು ಪ್ರಕಟಿಸಿದ್ದು. ಶ್ವಾಸಕೋಶದ ಸಿಟಿ ಸ್ಕ್ಯಾನ್‌ಗಳನ್ನು 24 ರೇಡಿಯಾಲಜಿಸ್ಟರ ಮುಂದಿಟ್ಟು, ಗಂಟುಗಳನ್ನು ಹುಡುಕಿ ಎಂದರು. ಕೊನೆಯ ಸ್ಕ್ಯಾನಿನೊಳಗೆ ಒಂದು ಗೊರಿಲ್ಲಾ ಚಿತ್ರ ಸೇರಿಸಿದ್ದರು. ಸಾಮಾನ್ಯ ಗಂಟಿನ 48 ಪಟ್ಟು ದೊಡ್ಡದು! 24ರಲ್ಲಿ 20 ಜನ ಅದನ್ನು ನೋಡಲೇ ಇಲ್ಲ. ಕಣ್ಣಿನ ಚಲನೆಯನ್ನು ಅಳೆಯುವ ಉಪಕರಣವೂ ಜೊತೆಗಿತ್ತು. ಗೊರಿಲ್ಲಾ ಕಾಣಲಿಲ್ಲ ಎಂದವರಲ್ಲಿ ಹೆಚ್ಚಿನವರ ದೃಷ್ಟಿ ನೇರವಾಗಿ ಅದರ ಮೇಲೇ ಬಿದ್ದಿತ್ತು. ಕಣ್ಣು ನೋಡಿತ್ತು, ಮನಸ್ಸು ಗಂಟು ಹುಡುಕುತ್ತಿತ್ತು. ಇವರು ಸೋಮಾರಿಗಳಲ್ಲ, ದಿನವಿಡೀ ಅದೇ ಕೆಲಸ ಮಾಡುವ ಪರಿಣತರು.

ನಾವು ಹೊರಗಿನವರು ಸ್ಕ್ಯಾನ್ ಎಂದರೆ ಕ್ಯಾಮೆರಾ, ರಿಪೋರ್ಟ್ ಎಂದರೆ ಕ್ಯಾಮೆರಾ ಹೇಳಿದ್ದು ಎಂದುಕೊಂಡಿದ್ದೇವೆ. ರಿಪೋರ್ಟನ್ನು ಬರೆಯುವುದು ಒಬ್ಬ ಮನುಷ್ಯ. ಆತ ರೋಗಿಯ ಮುಖ ನೋಡಿರುವುದಿಲ್ಲ. ಅಲ್ಟ್ರಾಸೌಂಡ್ ಒಂದು ವಾಸಿ, ಅಲ್ಲಿ ಡಾಕ್ಟರೇ ಪಕ್ಕದಲ್ಲಿ ಕೂತು "ಎಲ್ಲಿ ನೋಯುತ್ತೆ ತೋರಿಸಮ್ಮ" ಎಂದು ಕೇಳುತ್ತಾರೆ. ಎಂಆರ್‌ಐ, ಸಿಟಿ ಓದುವವರು ಬೇರೆ ಕೋಣೆಯಲ್ಲಿರುತ್ತಾರೆ, ಈಗ ಬೇರೆ ಊರಿನಲ್ಲೂ ಇರುತ್ತಾರೆ. ಅಮೆರಿಕದ ಆಸ್ಪತ್ರೆಗಳ ರಾತ್ರಿ ಸ್ಕ್ಯಾನ್‌ಗಳನ್ನು ಬೆಂಗಳೂರಿನಲ್ಲಿ ಹಗಲು ಹೊತ್ತಿನಲ್ಲಿ ಓದುವ ಪದ್ಧತಿ 2000ದ ದಶಕದಲ್ಲೇ ಶುರುವಾಯಿತು. ಅವರ ಕೈಯಲ್ಲಿ ಇರುವುದು ನೂರಾರು ಚಿತ್ರ, ಒಂದು ಸಾಲು.

ಆ ಸಾಲಿನಿಂದ ನಿಜಕ್ಕೂ ವ್ಯತ್ಯಾಸ ಆಗುತ್ತದೆಯೇ? ಎಲುಬು ಮುರಿತದ ಎಕ್ಸ್-ರೇಗಳ ಮೇಲೆ ಅಯೋವಾದ ಕೆವಿನ್ ಬರ್ಬಾಮ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋವಿನ ಜಾಗ ತಿಳಿಸಿದಾಗ ಡಾಕ್ಟರುಗಳು ಬಿರುಕುಗಳನ್ನು ಹೆಚ್ಚು ಹಿಡಿದರು. 2004ರಲ್ಲಿ ಸಿಡ್ನಿಯ ಕ್ಲೆಮೆಂಟ್ ಲಾಯ್ ಮತ್ತು ಲೆಸ್ ಇರ್ವಿಗ್ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ರೋಗಿಯ ಮಾಹಿತಿ ಕೊಟ್ಟಾಗ ಓದುವಿಕೆ ಒಟ್ಟಾರೆ ಸುಧಾರಿಸುತ್ತದೆ, ಇರುವ ರೋಗ ಹೆಚ್ಚು ಸಿಗುತ್ತದೆ, ಅದಕ್ಕಾಗಿ ಇಲ್ಲದ ರೋಗ ಕಂಡುಹಿಡಿಯುವುದು ಹೆಚ್ಚಾಗುವುದಿಲ್ಲ ಎಂಬುದು ಅವರ ತೀರ್ಮಾನ.

ಇನ್ನು ಅಮ್ಮನ ಉಬ್ಬಿದ ಡಿಸ್ಕ್ ಕಥೆ. 1994ರಲ್ಲಿ ಮೌರೀನ್ ಜೆನ್ಸನ್ ಮತ್ತು ಸಂಗಡಿಗರು ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿಸಿದರು. ಎಲ್ಲ ಡಿಸ್ಕ್‌ಗಳೂ ಸರಿಯಾಗಿದ್ದವರು ಶೇಕಡಾ 36 ಮಾತ್ರ. ಶೇಕಡಾ 52 ಜನರಿಗೆ ಎಲ್ಲಾದರೂ ಒಂದು ಕಡೆ ಉಬ್ಬಿತ್ತು. 2015ರಲ್ಲಿ 33 ಅಧ್ಯಯನಗಳನ್ನು ಸೇರಿಸಿ ಮಾಡಿದ ಲೆಕ್ಕದ ಪ್ರಕಾರ, ನೋವಿಲ್ಲದ 70 ವರ್ಷದವರಲ್ಲಿ ಶೇಕಡಾ 77 ಜನಕ್ಕೆ ಡಿಸ್ಕ್ ಉಬ್ಬಿರುತ್ತದೆ. ಅಂದರೆ 71ರ ಹೆಂಗಸಿಗೆ ಡಿಸ್ಕ್ ಉಬ್ಬಿದೆ ಎನ್ನುವುದು ತಲೆಗೂದಲು ಬೆಳ್ಳಗಾಗಿದೆ ಎಂದಷ್ಟೇ ಸುದ್ದಿ. ಅದೇ ನೋವಿಗೆ ಕಾರಣವೋ ಅಲ್ಲವೋ ಎಂದು ಚಿತ್ರ ಹೇಳುವುದಿಲ್ಲ, ಬೆರಳು ಹೇಳುತ್ತದೆ. ಇದೇ ಜೆನ್ಸನ್ ಅಧ್ಯಯನದಲ್ಲಿ ಇನ್ನೊಂದು ಕುತೂಹಲದ ಸಂಗತಿ ಇದೆ. ಓದುವವರಿಗೆ "ಇವರೆಲ್ಲ ಆರೋಗ್ಯವಂತರು" ಎಂಬ ಸುಳಿವು ಸಿಗಬಾರದೆಂದು, ಬೆನ್ನುನೋವಿದ್ದ 27 ಜನರ ಚಿತ್ರಗಳನ್ನು ನಡುನಡುವೆ ಬೆರೆಸಿದ್ದರು. ಗೊತ್ತಿರುವ ವಿಷಯ ಕಣ್ಣನ್ನು ಎಳೆಯುತ್ತದೆ ಎಂಬುದನ್ನು ಅವರು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರು.

ಇಲ್ಲೇ ಒಂದು ಆಕ್ಷೇಪಣೆ ಬರುತ್ತದೆ, ಮತ್ತು ಅದು ಸಣ್ಣದಲ್ಲ. ಊಟದ ಹೊತ್ತಿನಲ್ಲಿ ಈ ಕಥೆ ಹೇಳಿದಾಗ ನನ್ನ ತಂಡದ ಗೆಳೆಯನೊಬ್ಬ ಕೇಳಿದ: "ಹಾಗಾದರೆ ಏನೂ ಹೇಳದೆ ಓದಿಸುವುದೇ ಒಳ್ಳೆಯದಲ್ಲವೇ? ನಿನ್ನ ಅಮ್ಮನನ್ನು ದಾರಿ ತಪ್ಪಿಸಿದ್ದು ಚೀಟಿಯೇ ತಾನೇ?" ಮಾತು ನಿಜ. 1997ರಲ್ಲಿ ಜೋಆನ್ ಎಲ್ಮೋರ್ ಮತ್ತು ಸಂಗಡಿಗರು 10 ರೇಡಿಯಾಲಜಿಸ್ಟರಿಗೆ 100 ಹೆಂಗಸರ ಸ್ತನದ ಎಕ್ಸ್-ರೇಗಳನ್ನು ಐದು ತಿಂಗಳ ಅಂತರದಲ್ಲಿ ಎರಡು ಸಲ ಓದಿಸಿದರು. ಹಿನ್ನೆಲೆ ಮಾತು ಬದಲಾದಾಗ, ಮುಂದಿನ ಪರೀಕ್ಷೆ ಬೇಕು ಬೇಡ ಎಂಬ ಸಲಹೆಯೂ ಬದಲಾಯಿತು. ಹೆದರಿಸುವ ಹಿನ್ನೆಲೆ ಇದ್ದರೆ ರೋಗವಿಲ್ಲದವರಿಗೂ ಹೆಚ್ಚು ಪರೀಕ್ಷೆ. ಒಟ್ಟು ನಿಖರತೆ ಮಾತ್ರ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ.

ಹಾಗಾದರೆ ಹೇಳಬೇಕೋ ಬೇಡವೋ? ನನ್ನ ಮಟ್ಟಿಗೆ ಉತ್ತರ ಅಮ್ಮನ ಚೀಟಿಯಲ್ಲೇ ಇದೆ. ಅದರಲ್ಲಿ ಇದ್ದದ್ದು ಮಾಹಿತಿಯಲ್ಲ, ಊಹೆ. "ಡಿಸ್ಕ್ ಜಾರಿದೆಯೇ" ಎಂಬುದು ಡಾಕ್ಟರ ಅನುಮಾನ. "ಬಚ್ಚಲಲ್ಲಿ ಬಿದ್ದರು, ತೊಡೆಸಂದು ನೋಯುತ್ತದೆ, ಕಾಲು ಊರಲು ಆಗುವುದಿಲ್ಲ" ಎಂಬುದು ನಡೆದ ಸಂಗತಿ. ಅನುಮಾನ ಬರೆಯಲಿ, ಬೇಡ ಎನ್ನುವುದಿಲ್ಲ, ಆದರೆ ಸಂಗತಿಯ ಜಾಗದಲ್ಲಿ ಅನುಮಾನ ಕೂರಬಾರದು. ನಮ್ಮ ಹಿರಿಯರು ತಮ್ಮ ವೃತ್ತಿಯ ಉದ್ದಕ್ಕೂ ಒಂದು ಅಭ್ಯಾಸ ಇಟ್ಟುಕೊಂಡಿದ್ದರಂತೆ. ಮೊದಲ ಸಲ ಚೀಟಿ ಮಗುಚಿಟ್ಟು ಚಿತ್ರ ನೋಡುವುದು, ಆಮೇಲೆ ಚೀಟಿ ಓದಿ ಮತ್ತೊಮ್ಮೆ ನೋಡುವುದು. ಹೀಗೆ ಮಾಡುವವರು ಇನ್ನೂ ಅನೇಕರಿದ್ದಾರೆ. ಎರಡನೇ ಸಲ ಓದಲು ಚೀಟಿಯಲ್ಲಿ ಏನಾದರೂ ಇರಬೇಕಷ್ಟೆ.

ಇದು ನಮ್ಮೂರಿನ ಕೊರತೆ, ಇಲ್ಲಿ ಎಲ್ಲ ಸರಿ ಎಂದು ಯಾರೂ ಬೀಗಬೇಕಾಗಿಲ್ಲ. ಅಮೆರಿಕದಲ್ಲಿ ಸ್ಕ್ಯಾನ್ ಕೋರಿಕೆಯ ಜೊತೆ ಬಿಲ್ಲಿಗಾಗಿ ಒಂದು ಕೋಡ್ ಬೇಕು. ಹೊಟ್ಟೆನೋವಿಗೆ ಆರ್10.9 ಎಂದು ಹಾಕಿದರೆ ಸಾಕು, ಕೆಲಸ ಮುಂದೆ ಹೋಗುತ್ತದೆ. ಅದರ ಅರ್ಥ "ಇಂಥದ್ದೆಂದು ಹೇಳದ ಹೊಟ್ಟೆನೋವು"! ಎಡಕ್ಕೋ ಬಲಕ್ಕೋ, ನಿನ್ನೆಯದೋ ಆರು ತಿಂಗಳಿನದೋ, ಗೊತ್ತಿಲ್ಲ. ದಿನಕ್ಕೆ ಎಷ್ಟು ಆರ್10.9 ನನ್ನ ಕೋಡ್ ಮೂಲಕ ಹರಿದು ಹೋಗುತ್ತದೋ. ಬ್ರಿಟನ್ನಿನಲ್ಲಿ ಎಕ್ಸ್-ರೇ, ಸಿಟಿಯಂಥ ವಿಕಿರಣದ ಪರೀಕ್ಷೆಗೆ ಕಳಿಸುವವರು ಸಾಕಷ್ಟು ವೈದ್ಯಕೀಯ ಮಾಹಿತಿ ಕೊಡಲೇಬೇಕೆಂದು 2017ರ ನಿಯಮಗಳಲ್ಲಿ ಬರೆದಿದೆ. ನಮ್ಮ ದೇಶದಲ್ಲೂ ಮನಸ್ಸು ಮಾಡಿದರೆ ಆಗುತ್ತದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ, ಗರ್ಭಿಣಿಯ ಸ್ಕ್ಯಾನ್ ಯಾಕೆ ಎಂದು ಫಾರಂ ಎಫ್‌ನಲ್ಲಿ ತುಂಬಲೇಬೇಕು. ಹಳ್ಳಿಯ ಪಕ್ಕದ ಸಣ್ಣ ಸೆಂಟರಿನಲ್ಲೂ ತುಂಬುತ್ತಾರೆ. ಅಲ್ಲಿ ಕಾಯ್ದೆಯ ಭಯ, ಬೆನ್ನಿನ ಚೀಟಿಗೆ ಯಾರ ಭಯವೂ ಇಲ್ಲ.

ಕಂಪ್ಯೂಟರೇ ಓದುವ ಕಾಲ ಬಂತಲ್ಲ ಎನ್ನುವವರಿಗೆ ಒಂದೇ ಮಾತು. 2018ರಲ್ಲಿ ಜಾನ್ ಜೆಕ್ ಮತ್ತು ಸಂಗಡಿಗರು ನ್ಯುಮೋನಿಯಾ ಗುರುತಿಸುವ ಒಂದು ಪ್ರೋಗ್ರಾಂ ಪರೀಕ್ಷಿಸಿದರು. ಎಕ್ಸ್-ರೇ ಯಾವ ಆಸ್ಪತ್ರೆಯದು ಎಂಬುದನ್ನು ಅದು ಚಿತ್ರದಿಂದಲೇ ಚೆನ್ನಾಗಿ ಕಲಿತುಬಿಟ್ಟಿತ್ತು. ಯಾವ ಆಸ್ಪತ್ರೆಯಲ್ಲಿ ನ್ಯುಮೋನಿಯಾ ಜಾಸ್ತಿ ಎಂಬ ಸುಳಿವು ಅದರ ಉತ್ತರಕ್ಕೂ ನುಸುಳಿತ್ತು. ನಾವು ಹಿನ್ನೆಲೆ ಹೇಳದಿದ್ದರೆ ಅದು ತನಗೆ ತೋಚಿದ ಹಿನ್ನೆಲೆ ಕಟ್ಟಿಕೊಳ್ಳುತ್ತದೆ.

ಇನ್ನು ನನ್ನ ಕಸುಬಿಗೆ ಬರುತ್ತೇನೆ. ಈ ಮೇಲ್ ಓದುವವರಲ್ಲಿ ಆಸ್ಪತ್ರೆ ಸಾಫ್ಟ್‌ವೇರ್ ಕೆಲಸದವರು ಕಡಿಮೆಯೇನಿಲ್ಲ, ಅವರಿಗಾಗಿ ಇದು. ಸ್ಕ್ಯಾನ್ ಚಿತ್ರಗಳಿಗೆ ಜಗತ್ತಿನಲ್ಲೆಲ್ಲ ಇರುವ ಮಾನದಂಡ ಡೈಕಾಮ್. ಅದರಲ್ಲಿ "ಪರೀಕ್ಷೆ ಯಾಕೆ" ಎಂದು ಬರೆಯುವ ಜಾಗಕ್ಕೆ 64 ಅಕ್ಷರದ ಮಿತಿ ಇದೆ. ರೋಗಿಯ ಹಿನ್ನೆಲೆಗೆ ಬೇರೆ ಜಾಗ ಇದೆ, ಅದಕ್ಕೆ 10,240 ಅಕ್ಷರ. ಎರಡನೆಯದು ಖಾಲಿ ಬರುವುದನ್ನೇ ನಾನು ಹೆಚ್ಚು ನೋಡಿದ್ದೇನೆ. ಅಮ್ಮನ ಸಂಗತಿಯನ್ನು ಕನ್ನಡದಲ್ಲಿ ಬರೆದು ಎಣಿಸಿದೆ: "ಬಚ್ಚಲಲ್ಲಿ ಬಿದ್ದರು, ಎಡ ತೊಡೆಸಂದು ನೋವು, ಕಾಲು ಊರಲಾಗದು". ಕೊಂಬು, ಒತ್ತು, ಖಾಲಿ ಜಾಗ ಎಲ್ಲ ಸೇರಿ ಯೂನಿಕೋಡ್ ಲೆಕ್ಕದಲ್ಲಿ 49. ಆ ಸಣ್ಣ ಪೆಟ್ಟಿಗೆಯಲ್ಲೇ ಹಿಡಿಸುತ್ತದೆ, ಇನ್ನೂ 15 ಮಿಗುತ್ತದೆ!

"ಕನ್ನಡದಲ್ಲಿ ಬರೆದರೆ ಸಿಸ್ಟಮ್ ತಗೊಳ್ಳಲ್ಲ ಸಾರ್" ಎನ್ನುತ್ತಾರೆ. ತಗೊಳ್ಳುತ್ತದೆ. ಕನ್ನಡ ಲಿಪಿ 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಿಂದಲೂ ಇದೆ, ಡೈಕಾಮ್ ಯೂನಿಕೋಡನ್ನು ಒಪ್ಪುತ್ತದೆ. ಒಪ್ಪದಿರುವುದು ಮೇಲಿನ ಪರದೆ ಬರೆದ ನಮ್ಮಂಥವರ ಆಲಸ್ಯ. ನಾನೂ ಅದರಲ್ಲಿ ಪಾಲುದಾರ, ನನ್ನ ಮಾಡ್ಯೂಲ್ ಬಹಳ ದಿನ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರ ಬಂದರೆ ಪ್ರಶ್ನೆ ಚಿಹ್ನೆ ತೋರಿಸುತ್ತಿತ್ತು.

ಡಾಕ್ಟರು ಇಂಗ್ಲಿಷಿನಲ್ಲಿ ಬರೆಯುವುದನ್ನು ಬಿಡಲಿ ಎಂದು ನಾನು ಕೇಳುತ್ತಿಲ್ಲ. ಓದುವವರು ಎಲ್ಲೋ ಇರಬಹುದು, ಕನ್ನಡ ಬಾರದವರಿರಬಹುದು. ಅವರ ಸಾಲಿನ ಕೆಳಗೆ ರೋಗಿಯ ಮಾತಿಗೆ ಇನ್ನೊಂದು ಸಾಲು ಇರಲಿ. ಕರ್ನಾಟಕದಲ್ಲಿ ಅದು ಕನ್ನಡದಲ್ಲಿ ಇರಲಿ, ಜೊತೆಗೆ ಮನುಷ್ಯನ ಮೈಯ ಒಂದು ರೇಖಾಚಿತ್ರ ಇರಲಿ, ನೋವಿನ ಜಾಗಕ್ಕೆ ರೋಗಿಯೇ ಗುರುತು ಹಾಕಲಿ. ಬರೆಯಲು ಬಾರದವರಿಗೂ ಬೆರಳಿಡಲು ಬರುತ್ತದೆ. ಅದು ಟೈಪ್ ಆಗದಿದ್ದರೆ ಬೇಡ, ಚೀಟಿಯನ್ನೇ ಸ್ಕ್ಯಾನ್ ಮಾಡಿ ಚಿತ್ರಗಳ ಜೊತೆ ಸೇರಿಸಬಹುದು, ಅನೇಕ ಕಡೆ ಈಗಲೇ ಹಾಗೆ ಮಾಡುತ್ತಾರೆ. ಇಂಥ ಚೀಟಿಯ ಮಾದರಿಯೊಂದನ್ನು ನಾನೂ ಹಿರಿಯರೂ ಕೂತು ಮಾಡಿದ್ದೇವೆ. ಊರಿನಲ್ಲಿ ಡಾಕ್ಟರ್ ಬಂಧುಗಳಿರುವವರು ಬರೆದರೆ ಕಳಿಸುತ್ತೇನೆ, ಅವರು ತಿದ್ದಿಕೊಡಲಿ.

ಮತ್ತೆ ನಾವು ಇಲ್ಲಿಂದ ಕಳಿಸುವ "ಸ್ವಲ್ಪ ನೋಡಿ ಹೇಳಿ ಸಾರ್". ಅದರ ಜೊತೆ ಇನ್ನು ಮೇಲೆ ನಾಲ್ಕು ಸಾಲು ಸೇರಿಸಿ. ನೋವು ಎಲ್ಲಿ, ಯಾವಾಗಿನಿಂದ, ಹೇಗೆ ಶುರುವಾಯಿತು, ಏನು ಮಾಡಿದರೆ ಹೆಚ್ಚಾಗುತ್ತದೆ. ಹಳೆಯ ಫಿಲಂ ಇದ್ದರೆ ಅದನ್ನೂ ಕಳಿಸಿ. ಊರಿಗೆ ಫೋನ್ ಮಾಡಿ ಅವರ ಬಾಯಿಂದಲೇ ಕೇಳಿ ಬರೆಯಿರಿ, ರಿಪೋರ್ಟ್ ನೋಡಿಕೊಂಡು ಬರೆಯಬೇಡಿ. ಡಾಕ್ಟರ್ ಗೆಳೆಯರ ಪುಕ್ಕಟೆ ಸಮಯ ತೆಗೆದುಕೊಳ್ಳುವವರು ಇಷ್ಟಾದರೂ ಮಾಡಬೇಕಲ್ಲವೇ?

ಹೋದ ತಿಂಗಳು ಅಪ್ಪನಿಗೆ ಕೆಮ್ಮು ಹೆಚ್ಚಾಗಿ ಎದೆಯ ಎಕ್ಸ್-ರೇ ಬರೆದರು. ಚೀಟಿಯಲ್ಲಿ "ಕಾಫ್" ಎಂದು ಒಂದೇ ಪದ ಇತ್ತು. ಅಕ್ಕ ಅದರ ಹಿಂದೆ ಕನ್ನಡದಲ್ಲಿ ಬರೆದಳು: "1988ರಲ್ಲಿ ಟಿಬಿ ಆಗಿತ್ತು, ಮಾತ್ರೆ ಪೂರ್ತಿ ಮುಗಿಸಿದ್ದರು. ಬೀಡಿ ಬಿಟ್ಟು 12 ವರ್ಷ. ಕೆಮ್ಮು ಮೂರು ವಾರದಿಂದ. ತೂಕ ಇಳಿದಿಲ್ಲ." ಕೌಂಟರಿನ ಹುಡುಗ "ಇದೆಲ್ಲಾ ಬೇಡ ಅಕ್ಕ" ಎಂದನಂತೆ. ಇವಳು ಬಿಡಲಿಲ್ಲ, 2015ರ ಫಿಲಂ ಜೊತೆ ಪಿನ್ ಮಾಡಿ ಒಳಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಡಾಕ್ಟರೇ ಎದ್ದು ಬಂದು, "ಈ ಚೀಟಿ ಬರೆದವರು ಯಾರಮ್ಮ?" ಎಂದು ಕೇಳಿದರಂತೆ. ರಿಪೋರ್ಟಿನಲ್ಲಿ ಹೀಗಿತ್ತು: ಬಲಗಡೆ ಮೇಲ್ಭಾಗದಲ್ಲಿ ಹಳೆಯ ಗಾಯದ ಕಲೆ, 2015ರ ಫಿಲಂಗೆ ಹೋಲಿಸಿದರೆ ಬದಲಾವಣೆ ಇಲ್ಲ.